ಬ್ಯಾಕ್‌ಲಾಗ್ ಮುಚ್ಚಿಡಬ್ಯಾಡ ತಮ್ಮಾ

ಬೀದರ್‌ದಾಗ ಸಿವಿಲ್ ಮುಗಿಸಿ ಇಂಗ್ಲೆಂಡಿಗೆ ವಾಟರ್ ರಿಸೋರ್ಸಸ್ ಎಂಎಸ್‌ಸಿಗೆ ಅರ್ಜಿ ಹಾಕ್ಲತ್ತಿ. ಪರ್ಸನಲ್ ಸ್ಟೇಟ್‌ಮೆಂಟ್‌ನಾಗ (ಅರ್ಜಿ ಜೋಡಿ ನಿನ್ನ ಬಗ್ಗೆ ನೀನೇ ಬರೆದು ಕೊಡೋ ಪತ್ರ) ಸ್ಟ್ರೆಂತ್, ವೀಕ್‌ನೆಸ್ ಹ್ಯಾಂಗ ಬರೀಬೇಕು, ಮೂರನೇ ಸೆಮ್ ಗಣಿತದ ಬ್ಯಾಕ್‌ಲಾಗ್, ಅಂದ್ರ ಫೇಲಾಗಿದ್ದು, ಹೇಳಬೇಕೋ ಬ್ಯಾಡೋ ಅಂತ ಕೇಳೀದಿ. ಕನ್ಸಲ್ಟೆನ್ಸಿಯವರು ಬ್ಯಾಡ ಅಂದಾರಂತ.

ಹೇಳು. ಮಾರ್ಕ್ಸ್ ಕಾರ್ಡ್ ಹೆಂಗೂ ಯೂನಿವರ್ಸಿಟಿಯವರ ಕೈಯಾಗ ಇರ್ತದ. ನೀ ಸುಮ್ನಿದ್ರ ಕಾರಣ ಅವರೇ ಊಹಿಸ್ಕೋತಾರ. ಆದ್ರ ಮೂರು ಸಾಲು ಸಾಕು: ಏನಾಯ್ತು, ಯಾಕಾಯ್ತು, ಆಮ್ಯಾಲ ಏನು ಮಾಡ್ದಿ. ಹತ್ತನೇತ್ತೆ ತನಕ ಕನ್ನಡ ಮೀಡಿಯಂ, ಇಂಗ್ಲಿಷ್ ಪುಸ್ತಕ ಕೈಗೆ ಹತ್ಲಿಲ್ಲ ಅನ್ನೋದು ಖರೇ ಇದ್ರ ಹಂಗೇ ಬರಿ. ತೂಕ ಇರೋದು ಕಡೀ ಸಾಲಿಗೆ: ಗಣಿತ ಬೇಕಾಗೋ ಹೈಡ್ರಾಲಿಕ್ಸ್, ಹೈಡ್ರಾಲಜಿದಾಗ ಮುಂದ ಎಷ್ಟು ಬಂತು. ಲೆಕ್ಚರರ್ ಸರಿ ಕಲಿಸಲಿಲ್ಲ ಅಂತ ಮಾತ್ರ ಬರೀಬ್ಯಾಡ. ಇನ್ನ, 'ನಾ ಭಾಳ ಪರ್ಫೆಕ್ಷನಿಸ್ಟ್, ಅದೇ ನನ್ನ ವೀಕ್‌ನೆಸ್' ಅನ್ನೋದು ಓದೋರಿಗೆ ಸಾಕಾಗ್ಯದ. ಪ್ರಶ್ನೆದಾಗ ಕೇಳಿಲ್ಲಂದ್ರ, ಮಾರ್ಕ್ಸ್ ಕಾರ್ಡ್‌ನಾಗೂ ಕಾಣಲ್ಲಂದ್ರ, ಇಲ್ಲದ ಕೊರತಿ ಹುಡುಕಿ ಬರಿಯೋ ಗರಜಿಲ್ಲ.

ಸ್ಟ್ರೆಂತ್‌ಗೆ ಜಾಗ ಜಾಸ್ತಿ ಕೊಡು. 'ಹಾರ್ಡ್‌ವರ್ಕಿಂಗ್, ಸಿನ್ಸಿಯರ್' ಎಲ್ಲಾ ಹೊಡೆದು ಹಾಕು. ನಿನ್ನ ಪ್ರಾಜೆಕ್ಟ್ ಬೀದರ್‌ನ ನೌಬಾದ್ ಕರೇಜ್ (ನೆಲದೊಳಗಿನ ಹಳೇ ನೀರಿನ ಸುರಂಗ, ಅದರ ಮ್ಯಾಲ ಸಾಲು ಬಾವಿ) ಮ್ಯಾಲ ಅದ ಅಂದಿ, ಬಂಗಾರದಂಥ ವಿಷಯ! ಎಷ್ಟು ಬಾವಿದಾಗ ನೀರಿನ ಮಟ್ಟ ಅಳದಿ, ಎಷ್ಟು ತಿಂಗಳು, ಯಾವ ಅಳತಿ ತಪ್ಪು ಬಂತು? ಮಳೀ ಬಿದ್ದ ಮರುದಿನ ಮ್ಯಾಲಿನ ನೀರು ಒಳಗ ಇಳಿದು ಮಟ್ಟ ಏರಿತ್ತಂದ್ರ, ಆ ಅಳತಿ ಹ್ಯಾಂಗ ಬ್ಯಾರೆ ತೆಗದಿ ಅಂತ ಎರಡು ಸಾಲು ಬರಿ. ನೀ ವಿಚಾರ ಮಾಡಿ ಕೆಲಸ ಮಾಡ್ತಿ ಅನ್ನೋದು ಅದರಾಗೇ ಗೊತ್ತಾಗ್ತದ. ಕರೇಜ್ ಪಕ್ಕಕ್ಕ 'ಕನಾತ್' ಅಂತನೂ ಸೇರ್ಸು, ಹೊರಗಿನ ನೀರಿನ ಎಂಜಿನಿಯರ್‌ಗಳಿಗೆ ಆ ಹೆಸರೇ ಪರಿಚಯ. ಬ್ಯಾಚ್‌ನಾಗ ನಾಕು ಮಂದಿ ಇದ್ರ ನೀ ಮಾಡಿದ್ದಷ್ಟೇ 'ನಾನು' ಅಂತ ಬರಿ. ರಿಪೋರ್ಟ್‌ನ ಸಾಲು ನಾಕೂ ಮಂದಿ ಎತ್ತಿ ಹಾಕಿದ್ರ ಕಾಪಿ ಹಿಡಿಯೋ ಸಾಫ್ಟ್‌ವೇರ್‌ಗೆ ಸಿಗ್ತೀರಿ.

ಎಂಎಸ್‌ಸಿಗೆ ಉದ್ದದ ಮಿತಿ ಒಂದೊಂದು ಯೂನಿವರ್ಸಿಟಿದು ಒಂದೊಂದು, ಅವರ ಪುಟ ನೋಡಿ ಬರಿ. ಪಿಯುಸಿ ಮುಗಿಸೋ ತಂಗಿಗೂ ಕೇಳ್ದೆಲ್ಲ, ಡಿಗ್ರಿಗೆ ಯೂಕಾಸ್ (ಅಲ್ಲಿನ ಯೂನಿವರ್ಸಿಟಿಗಳಿಗೆ ಅರ್ಜಿ ತಗೊಳ್ಳೋ ಸಂಸ್ಥೆ) ಮೂಲಕ ಹೋಗಬೇಕು. ಅಲ್ಲಿ 2026ರ ಪ್ರವೇಶದಿಂದ ಮೂರು ಪ್ರಶ್ನೆ, ಒಂದೊಂದಕ್ಕ ಕನಿಷ್ಠ 350 ಕ್ಯಾರೆಕ್ಟರ್, ಎಲ್ಲಾ ಕೂಡಿ 4,000 ದಾಟಂಗಿಲ್ಲ. ನಡುವಿನ ಖಾಲಿ ಜಾಗಾನೂ ಲೆಕ್ಕಕ್ಕ ಬರ್ತದ.

ಡ್ರಾಫ್ಟ್ ಆದ ಮ್ಯಾಲ ಒಂದು ಪ್ರತಿ ರೆಕಮೆಂಡೇಶನ್ ಕೊಡೋ ಸರ್‌ಗೂ ಕಳಸು. ನೀ ಆರು ತಿಂಗಳು ಅಳದೆ ಅಂತ ಬರೆದು, ಅವರು ಮೂರು ಅಂದ್ರ ಎರಡೂ ಪತ್ರ ಕೆಡ್ತಾವ.