ಮೊದಲು ಯಾರ ಕಿವಿಗೆ ಬಿತ್ತು?

ಕ್ರೈಸ್ತ ಸಭೆಯೊಳಗಿನ (ಚರ್ಚಿನೊಳಗಿನ) ಟೀಕೆ, ಮನಸ್ತಾಪದ ಬಗ್ಗೆ ಬಂದ ಪತ್ರಗಳಲ್ಲಿ ಈ ಸಲ ಐದನ್ನು ತೆಗೆದುಕೊಂಡಿದ್ದೇವೆ. ಊರಿನ ಹೆಸರು ಇಟ್ಟಿದ್ದೇವೆ, ಬರೆದವರ ಹೆಸರು ಬಿಟ್ಟಿದ್ದೇವೆ.

ನಾನು ಸಭೆಯ ಖಜಾಂಚಿ. ಸುಗ್ಗಿ ಹಬ್ಬದ ಸವಾಲಿನಲ್ಲಿ (ಹರಾಜಿನಲ್ಲಿ) ತೊಗರಿ, ಜೋಳ, ಕೋಳಿ, ಕುಂಬಳಕಾಯಿ ಎಲ್ಲ ಸೇರಿ 41,300 ರೂಪಾಯಿ ಆಯಿತೆಂದು ಮೈಕಿನಲ್ಲಿ ಹೇಳಿದರು. ನಾನು ಬ್ಯಾಂಕಿಗೆ ತುಂಬಿದ್ದು 29,850. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿರಿಯರೊಬ್ಬರು ‘ಹಬ್ಬದ ರೊಕ್ಕ ಎಲ್ಲಿ ಹೋತು?’ ಅಂತ ಹಾಕಿದ್ದಾರೆ. ಹನ್ನೊಂದು ವರ್ಷ ಒಂದು ಪೈಸೆ ಮುಟ್ಟಿದವನಲ್ಲ. ಏನಂತ ಉತ್ತರ ಕೊಡಲಿ? – ಹುಮನಾಬಾದ್ ತಾಲ್ಲೂಕು

ಸದ್ಯಕ್ಕೆ ಫೋನ್ ಕೆಳಗಿಡಿ. ಕೇಳಿದ್ದು ಲೆಕ್ಕ, ನೀವು ಕೊಡಹೊರಟಿರುವುದು ಮರ್ಯಾದೆಯ ಉತ್ತರ. ‘ಹನ್ನೊಂದು ವರ್ಷ’ ಎಂದರೆ 11,450 ರೂಪಾಯಿಯ ವ್ಯತ್ಯಾಸ ತುಂಬುವುದಿಲ್ಲ. ಅಲ್ಲಿಯವರೆಗೆ ಅನುಮಾನ ಪಡದವರೂ ಪಡತೊಡಗುತ್ತಾರೆ. ಗುಂಪಿನಲ್ಲಿ ಇಷ್ಟೇ ಬರೆಯಿರಿ: ‘ಕೇಳಿದ್ದು ಸರಿ ಅದ. 11,450 ವ್ಯತ್ಯಾಸ ಅದ. ಬರೋ ರವಿವಾರ ಆರಾಧನೆ ಮುಗಿದ ಮ್ಯಾಲ ಲೆಕ್ಕ ಬೋರ್ಡಿಗೆ ಹಚ್ತೀನಿ.’ ‘ಕೆಲವರು’ ಎಂಬ ಶಬ್ದ ಬೇಡ. ಬೈಬಲಿನ ವಚನವೂ ಬೇಡ. ಜಗಳದ ನಡುವೆ ಗುಂಪಿಗೆ ಹಾಕಿದ ವಚನ ಕಲ್ಲಿನಂತೆಯೇ ತಾಗುತ್ತದೆ.

ಅದೇ ದಿನ, ತಪ್ಪಿದರೆ ಮರುದಿನ, ಸವಾಲಿನ ವಹಿ ಹಿಡಿದು ಆ ಹಿರಿಯರ ಮನೆಗೆ ಒಬ್ಬರೇ ಹೋಗಿ. ಮತ್ತಾಯ 18:15 ಹೇಳುವುದು ಇದನ್ನೇ: ನೊಂದವನು ಹೋಗಿ ಇಬ್ಬರೇ ಇರುವಾಗ ಮಾತಾಡಬೇಕು. ಅವರು ನಿಮ್ಮ ಮನೆಗೆ ಬರಲಿಲ್ಲ ನಿಜ, ಆದರೆ ಈಗ ನೊಂದವರು ನೀವು. ಹೋಗಿ ಕೂತ ಕೂಡಲೇ ‘ಗುಂಪಿನಾಗ ಯಾಕ್ ಹಾಕಿದ್ರಿ’ ಎಂದು ಶುರು ಮಾಡಿದರೆ ವಹಿ ತೆರೆಯುವ ಮೊದಲೇ ಮಾತು ಮುರಿಯುತ್ತದೆ. ‘ಕಾಕಾ, ಮೊದಲ ಲೆಕ್ಕ ನೋಡ್ರಿ, ಆಮ್ಯಾಲ ನಂದೊಂದು ಮಾತದ’ ಅನ್ನಿ. ಲೆಕ್ಕ ಮುಗಿದ ಮೇಲೆ: ‘ಗುಂಪಿನಾಗ ಓದಿದಾಗ ಭಾಳ ಕೆಟ್ಟನಿಸ್ತು. ಇನ್ನ ಮುಂದ ಏನಿದ್ರೂ ಮೊದಲ ನನಗ ಫೋನ್ ಮಾಡ್ರಿ.’ ಅಷ್ಟು ಸಾಕು.

ಇನ್ನು ವ್ಯತ್ಯಾಸ ಎಲ್ಲಿಂದ ಬಂತು ಎನ್ನುವುದು. ಸುಗ್ಗಿ ಸವಾಲಿನಲ್ಲಿ ಬೆಲೆ ಕೂಗುವುದು ಒಂದು, ರೊಕ್ಕ ಕೊಡುವುದು ಇನ್ನೊಂದು. ಹುರುಪಿನಲ್ಲಿ ಒಂದು ಲಿಂಬೆಹಣ್ಣಿಗೆ 500 ಕೂಗಿದವರು ‘ತೊಗರಿ ರಾಶಿ ಆದ ಮ್ಯಾಲ ಕೊಡ್ತೀನಿ’ ಎಂದು ಎದ್ದುಹೋಗಿರುತ್ತಾರೆ. ಇನ್ನೊಂದು ಕಡೆ, ಕೂಗಿ ಕೊಂಡ ಕುಂಬಳಕಾಯಿಯನ್ನು ಮತ್ತೆ ದೇವರಿಗೇ ಎಂದು ತಿರುಗಿ ಕೊಡುತ್ತಾರೆ. ಅದು ಮೂರು ಸಲ ಸವಾಲಾಗುತ್ತದೆ. ಬರೆಯುವವರು ಮೂರೂ ಬೆಲೆ ಕೂಡಿಸುತ್ತಾರೆ, ಮೊದಲಿನ ಇಬ್ಬರು ಕಾಯಿ ಮರಳಿಸಿದ್ದಕ್ಕೆ ತಮ್ಮ ಬಾಕಿಯೂ ಹೋಯಿತು ಅಂದುಕೊಂಡಿರುತ್ತಾರೆ. ಹೀಗಾಗಿ ವಹಿಯಲ್ಲಿ ಐದು ಕಲಂ ಬೇಕು: ವಸ್ತು, ಕೂಗಿದವರು, ಕೂಗಿದ ಬೆಲೆ, ಕೈಗೆ ಬಂದದ್ದು, ಬಾಕಿ. ಮೈಕಿನಲ್ಲೂ ಒಂದೇ ಸಂಖ್ಯೆ ಹೇಳಬೇಡಿ. ‘ಸವಾಲು ಇಷ್ಟು, ಕೈಗೆ ಬಂದದ್ದು ಇಷ್ಟು’ ಎಂದು ಎರಡು ಹೇಳಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ. ಮೂರು ಬೇರೆ ಬೇರೆ ಮನೆಯ ಮೂವರು ಅಲ್ಲೇ ಎಣಿಸಿ, 500ರ ನೋಟು ಎಷ್ಟು, 100ರದು ಎಷ್ಟು ಎಂದು ಬರೆದು ಸಹಿ ಹಾಕಲಿ. ಸೋಮವಾರ ಬ್ಯಾಂಕಿಗೆ ಹೋಗಲಿ. ಯಾರು ಎಷ್ಟೇ ಅವಸರ ಮಾಡಲಿ, ನಿಮ್ಮ ಸ್ವಂತ ಫೋನ್‌ಪೇ ನಂಬರಿಗೆ ಹಾಕಿಸಿಕೊಳ್ಳಬೇಡಿ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ಅಪೊಸ್ತಲ ಪೌಲನು ಒಬ್ಬನೇ ಒಯ್ಯಲಿಲ್ಲ, ಸಭೆಗಳು ಆರಿಸಿದವರನ್ನು ಜೊತೆಗೆ ಇಟ್ಟುಕೊಂಡ. ಯಾರೂ ತಪ್ಪು ಹೊರಿಸಬಾರದು ಎಂಬ ಕಾರಣವನ್ನೂ ಅವನೇ ಬರೆದಿದ್ದಾನೆ (2 ಕೊರಿಂಥ 8:20-21).

ಬೋರ್ಡಿಗೆ ಹಚ್ಚುವಾಗ ಬಾಕಿಯ ಮೊತ್ತ ಬರೆಯಿರಿ, ಬಾಕಿದಾರರ ಹೆಸರು ಬೇಡ. ಹೆಸರು ವಹಿಯಲ್ಲಿ ಇರಲಿ, ಕಮಿಟಿ ನೋಡಲಿ. ನಿಮ್ಮ ಮೇಲಿನ ಅನುಮಾನ ತೊಳೆಯಲು ರಾಶಿಗೆ ಕಾಯುತ್ತಿರುವ ರೈತನ ಮಾನ ತೆಗೆಯಬೇಕಾಗಿಲ್ಲ.

ನಮ್ಮಲ್ಲಿ ಹುಡುಗರು ಹಿಂದಿ, ತೆಲುಗು ಹಾಡನ್ನೇ ಹೆಚ್ಚು ಹಾಡುತ್ತಾರೆ, ಕೀಬೋರ್ಡ್, ಡ್ರಮ್ ಪ್ಯಾಡ್ ಜೋರು. ಹಿರಿಯರು ಎದ್ದು ಹೊರಗೆ ಬೇವಿನ ಗಿಡದ ಕೆಳಗೆ ಕೂಡುತ್ತಾರೆ. ನಾನು ಹಾಡಿನ ತಂಡದ ಅಕ್ಕ. ಎರಡೂ ಕಡೆಯವರು ನನಗೇ ಬೈಯುತ್ತಾರೆ. – ಔರಾದ

ಒಂದೇ ಜಗಳದಂತೆ ಕಾಣುವ ಇದರಲ್ಲಿ ಮೂರು ಸೇರಿಕೊಂಡಿವೆ: ಸಪ್ಪಳ, ಭಾಷೆ, ಹಾಡು ಆರಿಸುವವರು ಯಾರು ಎನ್ನುವುದು. ಬಿಡಿಸಿ ನೋಡಿ. ಸಪ್ಪಳದ್ದು ಈ ರವಿವಾರವೇ ಮುಗಿಯುತ್ತದೆ. ಸ್ಪೀಕರ್ ನೆಲದ ಮೇಲೋ ಸ್ಟೂಲಿನ ಮೇಲೋ ಇದ್ದರೆ ಅದರ ಬಾಯಿ ನೇರ ಮುಂದಿನ ಸಾಲಿನ ಕಿವಿಗೆ. ಅಲ್ಲಿ ಕೂಡುವವರೇ ಹಿರಿಯರು. ತಲೆಗಿಂತ ಮೇಲೆ ಏರಿಸಿ, ಹಿಂದಿನ ಸಾಲುಗಳ ಕಡೆ ತಿರುಗಿಸಿ, ಪ್ಯಾಡನ್ನು ಹಾಡುವವರ ದನಿಗಿಂತ ಕೆಳಗಿಡಿ. ತಗಡಿನ ಚಾವಣಿ ಇದ್ದರೆ ಇನ್ನೂ ಇಳಿಸಿ.

ಭಾಷೆಯ ವಿಷಯದಲ್ಲಿ ಹಿರಿಯರ ‘ಇದು ನಮ್ಮದಲ್ಲ’ ಎಂಬ ಮಾತು ಬೀದರಿನಲ್ಲಿ ಅಷ್ಟಾಗಿ ನಿಲ್ಲದು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆಯಿದು. ಸಂತೆಯಲ್ಲಿ ನಾಲ್ಕು ಭಾಷೆ ಆಡಿ ಬಂದವರೇ ಬೆಂಚಿನ ಮೇಲೆ ಕೂತಿದ್ದಾರೆ. ಆದರೆ ಸಾಲು ಓದಲಿಕ್ಕೆ ಬಾರದೆ ಬಾಯಿ ಮುಚ್ಚಿ ನಿಲ್ಲುವ ಅಜ್ಜಿಯ ಬೇಸರ ಖರೆ. ಎಲ್ಲ ಹಾಡನ್ನೂ ಕನ್ನಡ ಅಕ್ಷರದಲ್ಲಿ, ದಪ್ಪಗೆ ಬರೆದು ಕೊಡಿ. ಐದು ಹಾಡಿದ್ದರೆ ಮೊದಲನೆಯದೂ ಕೊನೆಯದೂ ಹಳೆಯ ಕನ್ನಡ ಕೀರ್ತನೆ ಆಗಿರಲಿ.

ಆರಿಸುವವರು ಯಾರು? ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲವೆಂದು ಅವರ ಕಡೆಯವರು ಗುಣುಗುಟ್ಟಿದಾಗ ಸಭೆಯ ಮೊದಲ ನಾಯಕರಾದ ಅಪೊಸ್ತಲರು ‘ಗುಣುಗುಟ್ಟಬೇಡಿ’ ಅನ್ನಲಿಲ್ಲ. ಏಳು ಜನರನ್ನು ನೇಮಿಸಿದರು. ಆ ಏಳೂ ಹೆಸರು ಗ್ರೀಕ್ ಹೆಸರುಗಳೇ. ನೀವೂ ಗಿಡದ ಕೆಳಗೆ ಕೂತವರಲ್ಲೇ ಇಬ್ಬರನ್ನು ಶನಿವಾರದ ಹಾಡಿನ ತಾಲೀಮಿಗೆ ಕರೆಯಿರಿ. ಎಂಟು ರವಿವಾರ ನಡೆಸಿ ನೋಡಿ, ಮತ್ತೆ ಕೂತು ಮಾತಾಡಿ. ‘ಎಂಟು’ ಎಂದು ಮೊದಲೇ ಹೇಳಿದರೆ ಸೋತೆವು ಎಂಬ ಭಾವ ಯಾರಿಗೂ ಬರದು.

ಪಾಸ್ಟರ್ ಪ್ರಸಂಗದಲ್ಲಿ (ಆರಾಧನೆಯ ಬೋಧನೆಯಲ್ಲಿ) ಹೆಸರು ಹೇಳದೆ ನಮ್ಮ ಮನೆಯ ಮದುವೆಯ ವಿಷಯ ಎತ್ತಿದರು. ಎಲ್ಲರೂ ತಿರುಗಿ ನಮ್ಮ ಕಡೆ ನೋಡಿದರು. ‘ದೇವರ ಸೇವಕರ ವಿರುದ್ಧ ಮಾತಾಡಬಾರದು’ ಅನ್ನುತ್ತಾರೆ ಮನೆಯವರು. – ಶಹಾಪುರ

ಅವರಿಗೇ ಹೇಳುವುದು ಅವರ ವಿರುದ್ಧ ಮಾತಾಡಿದಂತಲ್ಲ. ಬೋಧಕ ಅಪೊಲ್ಲೋಸನ ಮಾತಿನಲ್ಲಿ ಕೊರತೆ ಕಂಡಾಗ ಪ್ರಿಸ್ಕಿಲ್ಲ, ಅಕ್ವಿಲ ದಂಪತಿ ಅವನನ್ನು ಬೇರೆ ಕರೆದುಕೊಂಡು ಹೋಗಿ ವಿವರಿಸಿದರು (ಅಪೊಸ್ತಲರ ಕೃತ್ಯಗಳು 18:26). ಆರಾಧನೆ ಮುಗಿದು ಬಾಗಿಲಲ್ಲಿ ನಿಂತಾಗ ಕೇಳಬೇಡಿ. ಅವರಿಗೆ ಇನ್ನೊಂದು ಹಳ್ಳಿಯ ಆರಾಧನೆಗೆ ಹೋಗುವ ಗಡಿಬಿಡಿ ಇರಬಹುದು. ಮಂಗಳವಾರ ಫೋನ್ ಮಾಡಿ, ವಿಷಯವನ್ನೂ ತಿಳಿಸಿ: ‘ಪಾಸ್ಟರ್‌ರೀ, ರವಿವಾರದ ಪ್ರಸಂಗದ ಬಗ್ಗೆ ಅರ್ಧ ತಾಸು ಮಾತಾಡೋದಿತ್ತು.’ ಹೋದಾಗ ನೀವು ಕೇಳಿಸಿಕೊಂಡ ವಾಕ್ಯ, ಅದರಿಂದ ಮನೆಯಲ್ಲಿ ಏನಾಯಿತು, ನಿಮಗೆ ಏನು ಬೇಕು, ಇಷ್ಟು ಹೇಳಿ. ‘ನಮ್ಮನ್ನೇ ಅಂದಿರಿ’ ಎನ್ನುವುದಕ್ಕಿಂತ ‘ನಮಗೇ ಅಂದಂಗ ಆಯ್ತು’ ಅನ್ನಿ. ಅವರ ಮನಸ್ಸಿನಲ್ಲಿ ನಿಮ್ಮ ಮನೆ ಇಲ್ಲದಿದ್ದರೆ ಹಾಗೆಂದು ಹೇಳಲಿಕ್ಕೆ ಅವರಿಗೆ ದಾರಿ ಸಿಗುತ್ತದೆ.

ಸರಿಹೋಗದಿದ್ದರೆ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ. ನಿಮ್ಮ ಭಾವಮೈದುನರನ್ನಲ್ಲ, ಪಾಸ್ಟರೂ ಮಾತು ಕೇಳುವಂಥವರನ್ನು. ಆಮೇಲೆ ಕಮಿಟಿ, ಮೆಥೊಡಿಸ್ಟ್ ಸಭೆಯಾದರೆ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟರು. ಸಹಿ ಇಲ್ಲದ ಪತ್ರ ಮಾತ್ರ ಬರೆಯಬೇಡಿ. ಅದು ಕಸದ ಬುಟ್ಟಿಗೆ ಹೋಗುತ್ತದೆ, ಅನುಮಾನ ಹತ್ತು ಅಮಾಯಕರ ಮೇಲೆ ಬೀಳುತ್ತದೆ. ಈ ಅಂಕಣ ಓದುವ ಪಾಸ್ಟರರಿಗೂ ಒಂದು ಮಾತು: ಕೇಳುವವರು ಎದುರು ಉತ್ತರ ಕೊಡಲಾಗದ ಜಾಗ ಪ್ರಸಂಗದ ಪೀಠ. ಒಂದು ಮನೆಗೆ ಹೇಳಬೇಕಾದ್ದನ್ನು ಆ ಮನೆಗೇ ಹೋಗಿ ಹೇಳಿ.

ಪಾಸ್ಟರಮ್ಮನ ಬಗ್ಗೆ ದೂರು ಹೇಳಲು ಹೆಂಗಸರು ನಮ್ಮ ಮನೆಗೇ ಬರುತ್ತಾರೆ. ನಾನು ಸುಮ್ಮನೆ ಕೇಳುತ್ತೇನೆ, ಯಾರಿಗೂ ಹೇಳುವುದಿಲ್ಲ. ಇದೂ ತಪ್ಪೇ? – ಕಲಬುರಗಿ

ಸುಮ್ಮನೆ ಕೇಳುವ ಮನೆ ಇದೆ ಎಂದು ಗೊತ್ತಾದ ಮೇಲೆ ದೂರು ಅಲ್ಲಿಗೇ ಬರುತ್ತದೆ, ಹೋಗಬೇಕಾದಲ್ಲಿಗೆ ಹೋಗುವುದಿಲ್ಲ. 1752ರಲ್ಲಿ ಮೆಥೊಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿ ಮತ್ತು ಜೊತೆಯ ಬೋಧಕರು ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದರು: ಒಬ್ಬರ ಬಗ್ಗೆ ಇನ್ನೊಬ್ಬರು ಕೆಟ್ಟದ್ದನ್ನು ಕೇಳಬಾರದು; ಕಿವಿಗೆ ಬಿದ್ದರೆ ತಟ್ಟನೆ ನಂಬಬಾರದು; ಆದಷ್ಟು ಬೇಗ ಆ ವ್ಯಕ್ತಿಗೇ ತಿಳಿಸಬೇಕು, ಅಲ್ಲಿಯವರೆಗೆ ಬೇರೆ ಯಾರೊಂದಿಗೂ ಆಡಬಾರದು. ನೀವು ಕೇಳಬೇಕಾದ್ದು ಒಂದೇ: ‘ಅಕ್ಕಾ, ಇದನ್ನ ಅವರಿಗಿ ಹೇಳೀರೇನ್ರಿ? ಬೇಕಾದ್ರ ನಾನೂ ಬರ್ತೀನಿ.’ ಎರಡು ಸಲ ಹೀಗಂದರೆ ಅರ್ಧ ಜನ ಬರುವುದು ಬಿಡುತ್ತಾರೆ.

ಇದಕ್ಕೆ ಒಂದು ಹೊರತು ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ಗೊತ್ತಾದರೆ ‘ಇಬ್ಬರೇ ಇರುವಾಗ ಮಾತಾಡಿ’ ಎಂಬುದು ಅಲ್ಲಿ ನಡೆಯದು, ಕಮಿಟಿಯ ರಾಜಿಯೂ ನಡೆಯದು. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098.

ಕಮಿಟಿ ಸಭೆಯಲ್ಲಿ ಒಬ್ಬರಿಗೆ ‘ನಿಮಗೇನು ತಿಳೀತದ’ ಎಂದಿದ್ದೆ. ಆಮೇಲೆ ಕ್ಷಮೆ ಕೇಳಿದೆ, ಅವರು ಕೈ ಕೊಡಲಿಲ್ಲ. ಕರ್ತನ ಭೋಜನ (ಆರಾಧನೆಯ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳಬಹುದೇ? – ಭಾಲ್ಕಿ

ತೆಗೆದುಕೊಳ್ಳಿ. ಮತ್ತಾಯ 5:24 ಹೋಗಿ ಒಂದಾಗು ಅನ್ನುತ್ತದೆ, ಹೋಗಿದ್ದೀರಿ. ‘ನಿಮ್ಮಿಂದಾದಷ್ಟು ಮಟ್ಟಿಗೆ’ ಎಂಬ ಅಳತೆಯನ್ನು ರೋಮಾ 12:18 ಕೊಡುತ್ತದೆ. ಆದರೆ ಕ್ಷಮೆ ಹೇಗೆ ಕೇಳಿದಿರಿ ನೋಡಿಕೊಳ್ಳಿ. ‘ನನ್ನಿಂದ ಏನರೆ ತಪ್ಪಾಗಿದ್ರ’ ಎಂದಿದ್ದರೆ ಅದು ಕೇಳಿದಂತಲ್ಲ. ‘ಎಲ್ಲರ ಮುಂದ ನಿಮಗ ಹಿಂಗಂದೆ, ಅನ್ನಬಾರದಿತ್ತು’ ಅನ್ನಬೇಕು. ಕಮಿಟಿಯೆದುರು ಆಡಿದ್ದನ್ನು, ಅವರು ಒಪ್ಪಿದರೆ, ಕಮಿಟಿಯೆದುರೇ ವಾಪಸ್ ತೆಗೆದುಕೊಳ್ಳಿ. ಆಮೇಲೆ ಕಾಯಬೇಕು. ಮಾರ್ಕನನ್ನು ಜೊತೆಗೆ ಒಯ್ಯಲು ಒಪ್ಪದೆ ಜೊತೆಗಾರ ಬಾರ್ನಬನಿಂದಲೇ ಅಗಲಿದ ಪೌಲನು, ಎಷ್ಟೋ ವರ್ಷದ ಮೇಲೆ ‘ಮಾರ್ಕನನ್ನು ಕರೆದುಕೊಂಡು ಬಾ’ ಎಂದು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ.

ರವಿವಾರ ಬಾಗಿಲಲ್ಲಿ ಸಿಕ್ಕರೆ ‘ವಂದನೆ ಅಣ್ಣಾ’ ಅನ್ನಿ. ಅವರು ಅನ್ನದಿದ್ದರೆ ಮುಂದಿನ ರವಿವಾರವೂ ಅನ್ನಿ. ಕೈ ಮಾತ್ರ ಚಾಚಬೇಡಿ. ಎಲ್ಲರೂ ನೋಡುತ್ತಿರುವಾಗ ಅದನ್ನು ಹಿಡಿಯಲೂ ಆಗದೆ ಬಿಡಲೂ ಆಗದೆ ಅವರು ಇನ್ನೊಮ್ಮೆ ಸಿಕ್ಕಿಬೀಳುತ್ತಾರೆ.