ಅಪೊಸ್ತಲರ ಸಾವಿನ ಪಟ್ಟಿ: ಯಾವುದು ದಾಖಲೆ, ಯಾವುದು ಕಥೆ?

ಓದುಗರ ಪ್ರಶ್ನೆಗಳಿಗೆ ಸಭಾ ಇತಿಹಾಸದ ಅಧ್ಯಾಪಕರ ಉತ್ತರ

ಪ್ರಶ್ನೆ: ಯೇಸುವಿನ ಆಪ್ತ ಶಿಷ್ಯರಾದ ಹನ್ನೆರಡು ಮಂದಿ ಅಪೊಸ್ತಲರು ಹೇಗೆ ಸತ್ತರೆಂಬ ಪಟ್ಟಿ ವಾಟ್ಸಾಪ್‌ನಲ್ಲಿ ಬಂದಿದೆ. ಪೇತ್ರನನ್ನು ತಲೆಕೆಳಗಾಗಿ ಶಿಲುಬೆಗೆ ಹಾಕಿದರು, ಬಾರ್ತೊಲೊಮಾಯನ ಚರ್ಮ ಸುಲಿದರು ಎಂದೆಲ್ಲ ಇದೆ. ಸಂಡೇ ಸ್ಕೂಲ್ ಮಕ್ಕಳಿಗೆ ಇದನ್ನು ಕಲಿಸಬಹುದೇ?

ಹಾಗೇ ಕಲಿಸಬೇಡಿ. ಶುಭ ಶುಕ್ರವಾರ ಹತ್ತಿರ ಬಂತೆಂದರೆ ಈ ಪಟ್ಟಿ ನನಗೂ ಬರುತ್ತದೆ. ಕಳಿಸಿದವರಲ್ಲಿ ಒಬ್ಬರಾದರೂ ‘ಇದು ಎಲ್ಲಿಂದ ಬಂತು’ ಎಂದು ವಿಚಾರಿಸಿರುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಯೇಸುವನ್ನು ಹಿಡಿದುಕೊಟ್ಟ ಇಸ್ಕರಿಯೋತ ಯೂದನನ್ನು ಬಿಟ್ಟರೆ, ಹನ್ನೆರಡು ಮಂದಿಯಲ್ಲಿ ಬೈಬಲಿನ ಹೊಸ ಒಡಂಬಡಿಕೆ ಸಾವು ಹೇಳುವುದು ಒಬ್ಬನದೇ. ಜೆಬೆದಾಯನ ಮಗ ಯಾಕೋಬನನ್ನು ಯೂದಾಯದ ರಾಜ ಹೆರೋದ ಅಗ್ರಿಪ್ಪ ಕತ್ತಿಯಿಂದ ಕೊಲ್ಲಿಸಿದ. ಅಗ್ರಿಪ್ಪ ತೀರಿಕೊಂಡದ್ದು ಕ್ರಿ.ಶ. 44ರಲ್ಲಿ, ಹಾಗಾಗಿ ಯಾಕೋಬನ ಸಾವು ಅದಕ್ಕೂ ಮುಂಚಿನದು. ಪೇತ್ರನ ಸಾವಿಗೂ, ಹನ್ನೆರಡು ಮಂದಿಗೆ ಸೇರದ ಅಪೊಸ್ತಲ ಪೌಲನ ಸಾವಿಗೂ ಗಟ್ಟಿ ಆಧಾರವಿದೆ. ಇಬ್ಬರೂ ಹಿಂಸೆ ಸಹಿಸಿ ಕೊನೆಮುಟ್ಟಿದ್ದನ್ನು ಒಂದನೇ ಶತಮಾನದ ಕೊನೆಯಲ್ಲಿ ರೋಮ್‌ನಿಂದ ಕೊರಿಂಥಕ್ಕೆ ಹೋದ ಕ್ಲೆಮೆಂತನ ಪತ್ರ ನೆನೆಯುತ್ತದೆ, ಆದರೆ ಕೊಂದ ಬಗೆ ಹೇಳುವುದಿಲ್ಲ. ತಲೆಕೆಳಗಿನ ಶಿಲುಬೆ ಕಾಣಿಸುವುದು ಎರಡನೇ ಶತಮಾನದ ಕೊನೆಯ ‘ಪೇತ್ರನ ಕೃತ್ಯಗಳು’ ಎಂಬ ಪುಸ್ತಕದಲ್ಲಿ. ಅದೇ ಪುಸ್ತಕದಲ್ಲಿ ನಾಯಿ ಮಾತಾಡುತ್ತದೆ, ಹೊಗೆಯಲ್ಲಿ ಒಣಗಿಸಿದ ಮೀನು ಜೀವ ಬಂದು ಈಜುತ್ತದೆ. ಅವನ್ನು ಬಿಟ್ಟು ಶಿಲುಬೆಯನ್ನು ಮಾತ್ರ ಇತಿಹಾಸ ಎನ್ನುವುದು ಯಾವ ನ್ಯಾಯ?

ಉಳಿದವರ ಸಾವಿನ ಕಥೆಗಳಲ್ಲಿ ಹೆಚ್ಚಿನವು ಇನ್ನೂ ತಡವಾಗಿ ಬಂದವು. ಎರಡನೇ ಶತಮಾನದ ಹೆರಾಕ್ಲಿಯೋನ್ ಎಂಬ ಕ್ರೈಸ್ತ ಬೋಧಕನಂತೂ ಮತ್ತಾಯ, ಫಿಲಿಪ್ಪ, ತೋಮ ಇವರನ್ನು ಅಧಿಕಾರಿಗಳ ಮುಂದೆ ಸಾಕ್ಷಿ ನುಡಿದು ಸತ್ತವರ ಸಾಲಿನಿಂದ ಹೊರಗಿಡುತ್ತಾನೆ. ಆ ಮಾತನ್ನು ಉಳಿಸಿಕೊಟ್ಟವನು ಅಲೆಕ್ಸಾಂಡ್ರಿಯದ ಕ್ಲೆಮೆಂತ್ (ಮೇಲೆ ಹೇಳಿದ ರೋಮ್‌ನ ಕ್ಲೆಮೆಂತನಲ್ಲ, ಬೇರೆಯವನು). ಪಟ್ಟಿ ಹಂಚುವವರು ಇದನ್ನು ಓದಿಯೇ ಇಲ್ಲ.

ಹಾಗಾದರೆ ಅವರ ತ್ಯಾಗಕ್ಕೆ ಸಾಕ್ಷಿ ಇಲ್ಲವೇ ಎನ್ನುತ್ತೀರಾ? ಪೌಲನೇ ಬರೆದದ್ದನ್ನು ಓದಿ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 11ನೇ ಅಧ್ಯಾಯದಲ್ಲಿ ತಾನು ಪಟ್ಟ ಪಾಡನ್ನು ಎಣಿಸುತ್ತಾನೆ: ಯೆಹೂದ್ಯರಿಂದ ಐದು ಸಲ 39 ಏಟು, ಮೂರು ಸಲ ಕೋಲಿನ ಪೆಟ್ಟು, ಒಮ್ಮೆ ಕಲ್ಲೆಸೆತ, ಮೂರು ಸಲ ಹಡಗು ಒಡೆದದ್ದು. 39 ಏಕೆಂದರೆ, ಮೋಶೆಯ ಧರ್ಮಶಾಸ್ತ್ರದ ಮಿತಿ 40. ಎಣಿಕೆ ತಪ್ಪಿ ಮಿತಿ ದಾಟಬಾರದೆಂದು ಒಂದು ಬಿಡುತ್ತಿದ್ದರು. ಇದು ಯೆಹೂದ್ಯರ ಸಭಾಮಂದಿರದವರು ತಮ್ಮವರಿಗೆ ಕೊಡುತ್ತಿದ್ದ ಶಿಕ್ಷೆ; ಪೌಲನೂ ಯೆಹೂದ್ಯನೇ. ‘ನಾನು ನಿಮ್ಮವನಲ್ಲ’ ಎಂದು ಹೊರಬಿದ್ದಿದ್ದರೆ ಪೌಲ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಮೊದಲ ಸಲದ ಬಾಸುಂಡೆ ಮಾಯ್ದ ಮೇಲೆ ಮತ್ತೆ ಅದೇ ಜನರ ನಡುವೆ ಹೋಗಿ, ಬೆನ್ನು ಬರಿದು ಮಾಡಿ ನಿಂತ. ಐದು ಸಲ! ಸ್ವಂತ ಜನರ ಮೇಲಿನ ಅವನ ಪ್ರೀತಿ ಎಂಥದ್ದೆಂದು ಈ ಲೆಕ್ಕವೇ ಹೇಳುತ್ತದೆ. ಮಕ್ಕಳಿಗೆ ಇದನ್ನು ಕಲಿಸಿ.

ಪ್ರಶ್ನೆ: ತೋಮ ಭಾರತಕ್ಕೆ ಬಂದದ್ದು ಸಾಬೀತಾಗಿದೆಯೇ?

ಇಲ್ಲ. ಕೇರಳದ ತೋಮಾ ಕ್ರೈಸ್ತರ ಪರಂಪರೆ ಹಳೆಯದು, ಗೌರವದ್ದು. ಅದನ್ನು ಪುರಾವೆ ಎಂದು ಮಾರಬೇಡಿ.

ಪ್ರಶ್ನೆ: ಪೇತ್ರನಿಗೆ ಹೆಂಡತಿ ಇದ್ದಳೇ?

ಇದ್ದಳು, ಪ್ರಯಾಣಕ್ಕೂ ಜೊತೆಗಿದ್ದಳು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯ ನೋಡಿ.

ಪ್ರಶ್ನೆ: ತನ್ನನ್ನು ‘ಅಪೊಸ್ತಲ’ ಎಂದು ಕರೆದುಕೊಳ್ಳುವ ಬೋಧಕರೊಬ್ಬರು ಅಮ್ಮನಿಗೆ ಪ್ರಾರ್ಥನೆಯ ಎಣ್ಣೆ ಕೊಟ್ಟು, ನಂಬಿಕೆ ಇದ್ದರೆ ಸಕ್ಕರೆ ಕಾಯಿಲೆಯ ಔಷಧಿ ಬಿಡಿ ಎಂದಿದ್ದಾರೆ. ಏನು ಮಾಡಲಿ?

ಆ ಎಣ್ಣೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪೌಲ ಗುಡಾರ ಹೊಲಿದು ತನ್ನ ಅನ್ನ ತಾನೇ ದುಡಿದ. ಅವನ ಹೆಸರಿನ ಪತ್ರಗಳಲ್ಲೇ ಜೊತೆಗಾರ ತ್ರೊಫಿಮ ಕಾಯಿಲೆಬಿದ್ದು ಮಿಲೇತದಲ್ಲಿ ಉಳಿಯುತ್ತಾನೆ, ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಕುಡಿಯುವಂತೆ ಸಲಹೆ ಇದೆ, ಪ್ರಿಯ ವೈದ್ಯ ಲೂಕನ ವಂದನೆಯೂ ಇದೆ. ಅವರಾರಿಗೂ ನಂಬಿಕೆ ಸಾಲದು ಎಂದು ಯಾರೂ ಬೈಯಲಿಲ್ಲ. ಅಮ್ಮ ಈಗಾಗಲೇ ಮಾತ್ರೆಯನ್ನೋ ಇನ್ಸುಲಿನ್ನನ್ನೋ ನಿಲ್ಲಿಸಿದ್ದರೆ ನಾಳೆಗೆ ಬಿಡದೆ ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.