ಯೆಜ್ಡಿಗೆ ಸೈಡ್‌ಕಾರ್ ಕೂಡಿಸುವ ಮೊದಲು

ಮನೆಯ ಹಳೇ ಯೆಜ್ಡಿ 250 ಬೈಕಿಗೆ ಸೈಡ್‌ಕಾರ್ (ಪಕ್ಕಕ್ಕೆ ಕೂಡಿಸುವ ಒಂಟಿ ಚಕ್ರದ ಗಾಡಿ) ಬೋಲ್ಟ್ ಮಾಡಿ ಪದವಿನಲ್ಲಿ, ಅಂದರೆ ಮುರಕಲ್ಲಿನ ಬಯಲು ಗುಡ್ಡದಲ್ಲಿ, ಮೋಟೋಕ್ರಾಸ್ (ಹಳ್ಳ ದಿಬ್ಬದ ಮಣ್ಣಿನ ರೇಸ್) ಓಡಿಸಬಹುದೇ ಎಂದು ಪೆರ್ಲದಿಂದ ಕೇಳಿದವರಿಗೆ: ಬೇಡ ಮಾರಾಯ್ರೇ. ನಾನು ಅದನ್ನೇ ಮಾಡಿದ್ದೆ. ಮೂರನೇ ದಿನ ಸೈಡ್‌ಕಾರನ್ನು ಹಿಡಿದಿದ್ದ ಕೆಳಗಿನ ಕ್ಲ್ಯಾಂಪ್ ಬಿರುಕು ಬಿಟ್ಟು ನನ್ನ ಭಾವ ಮುರಕಲ್ಲಿನ ಮೇಲೆ ಬಿದ್ದರು, ಭುಜದ ಕೀಲು ತಪ್ಪಿತು. ಮೈಸೂರಿನಲ್ಲಿ ತಯಾರಾದ ಆ ಗಾಡಿಯನ್ನು ಕೊಯ್ಯದೆ ಹಾಗೇ ಇಟ್ಟುಕೊಳ್ಳಿ. ಈ ಆಟಕ್ಕೆ ಬೇರೆಯೇ ಗಾಡಿ ಕಟ್ಟಬೇಕು.

ಬೈಕು ತಿರುವಿನಲ್ಲಿ ವಾಲುತ್ತದೆ, ಹಾಗಾಗಿ ಭಾರವೆಲ್ಲ ಚಕ್ರದ ನೇರಕ್ಕೇ ಇಳಿಯುತ್ತದೆ. ಮೂರು ಚಕ್ರದ್ದು ವಾಲುವುದಿಲ್ಲ, ಎಳೆತವೆಲ್ಲ ಅಡ್ಡಕ್ಕೆ. ಸಾಮಾನ್ಯ ಬೈಕುಗಳ ಟೆಲಿಸ್ಕೋಪಿಕ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ, ಒಂದರೊಳಗೊಂದು ಜಾರುವ ಕೊಳವೆಗಳು) ಇದಕ್ಕೆ ಹೇಳಿದ್ದಲ್ಲ, ತಿರುಚಿ ಸಿಕ್ಕಿಹಾಕಿಕೊಳ್ಳುತ್ತದೆ. ರೇಸಿನ ಗಾಡಿಗಳಲ್ಲಿ ಲೀಡಿಂಗ್ ಲಿಂಕ್ ಫೋರ್ಕ್ (ಮುಂದಕ್ಕೆ ಚಾಚಿದ ತೋಳಿನ ತುದಿಯಲ್ಲಿ ಚಕ್ರ ಹಿಡಿಯುವಂಥದ್ದು) ಇರುವುದು ಅದಕ್ಕೇ. ಅದರಲ್ಲಿ ಟ್ರೇಲ್ (ಹ್ಯಾಂಡಲ್ ತಿರುಗುವ ಗೆರೆ ನೆಲ ಮುಟ್ಟುವಲ್ಲಿಂದ ಟಯರ್ ನೆಲ ಮುಟ್ಟುವಲ್ಲಿಗಿರುವ ಅಂತರ) ಕಡಿಮೆ ಮಾಡಲೂ ಬರುತ್ತದೆ, ಹ್ಯಾಂಡಲ್ ಹಗುರವಾಗುತ್ತದೆ.

ಫ್ರೇಮ್ ಬೈಕಿಗೂ ಸೈಡ್‌ಕಾರಿಗೂ ಸೇರಿ ಒಂದೇ ಆಗಿರಲಿ. ಕ್ರೋಮೋಲಿ 4130 (ಹಗುರ, ಗಟ್ಟಿ ಮಿಶ್ರ ಉಕ್ಕಿನ ಪೈಪ್) ಸಿಕ್ಕಿದರೆ ಟಿಗ್ ವೆಲ್ಡಿಂಗ್ (ಅನಿಲದ ಮರೆಯಲ್ಲಿ ಮಾಡುವ ನಾಜೂಕು ಬೆಸುಗೆ) ಮಾಡಿಸಿ. ಇಲ್ಲದಿದ್ದರೆ ಸೀಮ್‌ಲೆಸ್ (ಉದ್ದಕ್ಕೆ ಬೆಸುಗೆ ಇಲ್ಲದ) ಉಕ್ಕಿನ ಪೈಪ್, ತೂಕ ಸ್ವಲ್ಪ ಹೆಚ್ಚಾಗಲಿ. ಗ್ರಿಲ್ ಅಂಗಡಿಯ ಜಿಐ (ಸತು ಲೇಪಿಸಿದ) ಪೈಪ್ ಮಾತ್ರ ಬೇಡ: ಸತುವಿನ ಹೊಗೆ ಎದೆಗೂ ಕೆಟ್ಟದ್ದು, ಬೆಸುಗೆಯೂ ತೂತು ತೂತಾಗುತ್ತದೆ. ಮೊದಲು ಎಲ್ಲ ಕೀಲುಗಳಿಗೂ ಟ್ಯಾಕ್ (ಚುಕ್ಕೆಯಷ್ಟು ಬೆಸುಗೆ) ಹಾಕಿ ಅಳತೆ ನೋಡಿ, ಆಮೇಲೆ ಎಡ-ಬಲ ಬದಲಾಯಿಸುತ್ತ ಬೆಸೆಯಿರಿ. ಒಂದೇ ಕಡೆಯಿಂದ ಹೋದರೆ ಫ್ರೇಮ್ ಎಳೆದುಕೊಳ್ಳುತ್ತದೆ.

ಸೈಡ್‌ಕಾರಿನ ಚಕ್ರ ಹಿಂದಿನ ಚಕ್ರಕ್ಕಿಂತ ಮುಂದಿರಬೇಕು. ಸೈಡ್‌ಕಾರ್ ಎಡಕ್ಕಿದ್ದರೆ ಬಲತಿರುವಿನಲ್ಲಿ ಮಗುಚದಂತೆ ತಡೆಯುವುದು ಆ ಅಂತರ. ಅತಿಯಾದರೆ ಟಯರ್ ಉಜ್ಜುತ್ತದೆ, ತಿರುಗಿಸಲು ತೋಳಿನ ಬಲ ಸಾಲದು. ಆ ಚಕ್ರಕ್ಕೂ ಸ್ವಂತ ಸ್ವಿಂಗ್‌ಆರ್ಮ್ (ಚಕ್ರ ಮೇಲೆ ಕೆಳಗೆ ಆಡುವಂತೆ ಹಿಡಿಯುವ ತೋಳು), ಶಾಕ್ ಅಬ್ಸಾರ್ಬರ್ ಕೊಡಿ.

ಇಂಜಿನ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಎನ್‌ಫೀಲ್ಡ್ 500 ಆಗಲಿ ಡ್ಯೂಕ್ 390 ಆಗಲಿ, ಚೈನ್ ಓಡುವ ಮುಂದಿನ ಸ್ಪ್ರಾಕೆಟ್‌ನಲ್ಲಿ ಹಲ್ಲು ಕಡಿಮೆ ಮಾಡಿದರೆ ಎಳೆತ ಹೆಚ್ಚುತ್ತದೆ, ಕಲಿಯಲು ಧಾರಾಳ.

ತಲೆ ಕೆಡಿಸಿಕೊಳ್ಳಬೇಕಾದದ್ದು ಜೊತೆಗಾರನ ಬಗ್ಗೆ. ಈ ಆಟದಲ್ಲಿ ಅವನು ಕುಳಿತು ಹೋಗುವವನಲ್ಲ. ಅವನಿಗೆ ಸೀಟೇ ಇಲ್ಲ. ಎಡತಿರುವಿನಲ್ಲಿ ಹೊರಗೆ ಜೋತು ಬೀಳುತ್ತಾನೆ, ಬಲತಿರುವಿನಲ್ಲಿ ಸವಾರನ ಬೆನ್ನ ಹಿಂದೆ ಚಕ್ರದ ಮೇಲೆ ಬಾಗುತ್ತಾನೆ, ಹೊರಡುವಾಗ ಹಿಂದಕ್ಕೆ ಒರಗಿ ಟಯರಿಗೆ ಭಾರ ಹಾಕುತ್ತಾನೆ. 1980ರಿಂದ ನಡೆಯುತ್ತಿರುವ ಸೈಡ್‌ಕಾರ್ ಮೋಟೋಕ್ರಾಸ್ ವಿಶ್ವ ಚಾಂಪಿಯನ್‌ಶಿಪ್ಪನ್ನು ಡಚ್ ಸವಾರ ಡೇನಿಯಲ್ ವಿಲೆಮ್‌ಸೆನ್ 10 ಸಲ ಗೆದ್ದಿದ್ದಾರೆ. ಒಂದು ಸಲವೂ ಒಬ್ಬರೇ ಗೆದ್ದದ್ದಲ್ಲ. ಭಾವ ಬಿದ್ದದ್ದಕ್ಕೆ ಕ್ಲ್ಯಾಂಪ್ ಅರ್ಧ ಕಾರಣ. ಬಲಕ್ಕೆ ತಿರುಗುವಾಗ ಅವರಿಗೆ ಹಿಡಿಯಲು ಏನೂ ಇರಲಿಲ್ಲ, ನಾನು ಮುಂದೆ ಒಂದೇ ಹಿಡಿ ಇಟ್ಟಿದ್ದೆ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಆದ್ದರಿಂದ ಪೈಪ್ ಕೊಯ್ಯುವ ಮೊದಲು ಅಡಿಕೆ ಸಲಾಕೆ ಕಟ್ಟಿ ಪೂರ್ತಿ ಅಳತೆಯ ಮಾದರಿ ಮಾಡಿ. ಜೊತೆಗಾರನನ್ನು ಬೂಟು, ಹೆಲ್ಮೆಟ್ ಸಮೇತ ಹತ್ತಿಸಿ, ಮೂರೂ ಭಂಗಿಯಲ್ಲಿ ಕೈ ಎಲ್ಲಿ ಹೋಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಹಿಡಿಗಳು ಅಲ್ಲಿಗೇ ಬರಲಿ, ಫ್ರೇಮ್ ಅದಕ್ಕೆ ಹೊಂದಿಕೊಳ್ಳಲಿ. ಅವನು ನಿಲ್ಲುವ ತಟ್ಟೆ ತಗ್ಗಿನಲ್ಲಿರಲಿ, ಕೆಸರು ಇಳಿಯಲು ತೂತು ಇರಲಿ. ಚೈನ್ ಅವನ ಬದಿಗೇ ಬರುವುದಾದರೆ ಚೈನನ್ನೂ ಹಿಂದಿನ ಟಯರನ್ನೂ ಮುಚ್ಚಲೇಬೇಕು. ಸವಾರನ ಕೈಗೆ ಕಟ್ಟುವ ಕಿಲ್ ಸ್ವಿಚ್ (ಅವನು ಬಿದ್ದರೆ ಇಂಜಿನ್ ನಿಲ್ಲಿಸುವಂಥದ್ದು) ಮರೆಯಬೇಡಿ.

ಈ ಗಾಡಿ ರಸ್ತೆಗೆ ಇಳಿಸುವಂತಿಲ್ಲ. ಗಾಡಿಯನ್ನು ಮನಬಂದಂತೆ ಮಾರ್ಪಡಿಸದಂತೆ ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಪಿಕಪ್‌ನಲ್ಲಿ ಹೇರಿಕೊಂಡು ಸ್ವಂತ ಜಾಗಕ್ಕೋ ಒಪ್ಪಿಗೆ ಪಡೆದ ಜಾಗಕ್ಕೋ ಹೋಗಿ.

ನಿಮ್ಮ ಜೊತೆಗಾರ ಯಾರು, ಎತ್ತರ, ತೂಕ ಎಷ್ಟು ಎಂದು ಇಲ್ಲೇ ಬರೆಯಿರಿ. ತಟ್ಟೆಯ ಅಳತೆ ಹೇಳುತ್ತೇನೆ.